ಮಗ್ಗದವಳು ರೇಡಿಯೊ ಕೇಳಿದ ದಿನ

ಆನಿಸ್ ಹೇಡಾಕ್‌ಗೆ ಕಿವಿ ಮಂದವಾಗಿದೆ ಎಂಬುದು ನಮ್ಮ ಬೀದಿಗೆಲ್ಲ ಗೊತ್ತಿತ್ತು. ಒಪ್ಪದವಳು ಅವಳೊಬ್ಬಳೇ.

ಮ್ಯಾಂಚೆಸ್ಟರ್ ಕಡೆಯ ಬ್ರಿಯರ್‌ಶಾ ಊರಿನ ಗ್ಯಾಸ್ ಬೀದಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗಿರಣಿಯಲ್ಲೂ ಅವಳ ನಾಲ್ಕು ಮಗ್ಗಗಳ ಪಕ್ಕದಲ್ಲೇ ನನ್ನ ನಾಲ್ಕು ಮಗ್ಗ. ಅವಳಿಗೆ ಐವತ್ತೊಂದು, ನನಗೆ ಇಪ್ಪತ್ತೊಂಬತ್ತು. ಅವಳು ಹದಿಮೂರನೇ ವಯಸ್ಸಿಗೆ ಶೆಡ್ಡಿಗೆ ಕಾಲಿಟ್ಟವಳು. ಆರುನೂರು ಮಗ್ಗಗಳ ಲಾಳಿಗಳು ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಪಕ್ಕದವಳು ಕಿರುಚಿದರೂ ಕೇಳಿಸದು. ಹಾಗಾಗಿ ನಾವು ದನಿ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದೆವು, ಕಣ್ಣಲ್ಲಿ ಕೇಳುತ್ತಿದ್ದೆವು. ಮೇಸ್ತ್ರಿಯ ಮೇಲಿನ ಚಾಡಿ ಅವನ ಬೆನ್ನ ಹಿಂದೆಯೇ ಶೆಡ್ಡಿನ ಆ ತುದಿ ತಲುಪಿ, ನಗುವಾಗಿ ವಾಪಸ್ಸು ಬರುತ್ತಿತ್ತು.

ಸಾವಿರದ ಒಂಬೈನೂರ ಐವತ್ತೆರಡರ ವಸಂತ ಅದು. ಬಟ್ಟೆಗೆ ಬೇಡಿಕೆ ಬಿದ್ದುಹೋಗಿ ಗಿರಣಿ ವಾರಕ್ಕೆ ಮೂರೇ ದಿನ ನಡೆಯುತ್ತಿತ್ತು. ಮಂಗಳವಾರ ರಜೆ. ಅದರ ಹಿಂದಿನ ಸಂಜೆ ಗೋಡೆಯಾಚೆ ಜಗಳ ಶುರುವಾಯಿತು. ಆನಿಸ್‌ಳ ಗಂಡ ಸೆಥ್ ಅಂಚೆಯವನು, ಮೆತ್ತನೆಯ ಮನುಷ್ಯ. ಆವತ್ತು ಅವನಿಗೂ ಸಾಕಾಗಿತ್ತು.

"ಆ ರೇಡಿಯೊ ಸದ್ದು ಇಳಿಸೇ ಮಾರಾಯ್ತಿ! ಮೂರು ಬೀದಿ ಆಚೆ ಕಾಗದ ಕೊಡೋಕೆ ಹೋದ್ರೆ, 'ನಿನ್ನೆ ನಿಮ್ಮನೆ ವಾರ್ತೆ ಚೆನ್ನಾಗಿತ್ತು ಸೆಥ್' ಅಂತಾರೆ ಜನ."

"ಡಬ್ಬಾ ಹಳೇದಾಯ್ತು. ಒಳಗೆ ವಾಲ್ವ್ ಹೋಗಿರ್ಬೇಕು."

"ಡಬ್ಬಾ ಅಲ್ಲ ಕಣೇ, ನಿನ್ನ ಕಿವಿ."

ಆನಿಸ್ ಹದಿನೈದು ದಿನದ ಹಿಂದೆ ಗುಟ್ಟಾಗಿ ಡಾಕ್ಟರ ಹತ್ತಿರ ಹೋಗಿಬಂದಿದ್ದಳು. ಆತ ಬರೆಯುತ್ತಿದ್ದ ಕಾಗದದಿಂದ ತಲೆಯನ್ನೂ ಎತ್ತದೆ, "ವಯಸ್ಸಾಯಿತಲ್ಲಮ್ಮ, ಎಲ್ಲರಿಗೂ ಆಗೋದೇ" ಎಂದಿದ್ದನಂತೆ. ಇದನ್ನು ಅವಳು ನನಗೆ ಮಾತ್ರ ಹೇಳಿದ್ದಳು, ಅದೂ ತುಟಿಯಲ್ಲಿ.

"ಸರಿ," ಎಂದಳು ಗೋಡೆಯಾಚೆ. "ಡಬ್ಬಾನೋ ಕಿವಿನೋ, ನಾಳೆ ಗೊತ್ತು ಮಾಡ್ಕೋತೀನಿ. ಬೆಳಿಗ್ಗೆಯಿಂದ ರಾತ್ರಿ ತನಕ ಒಂದೂ ಬಿಡದೆ ಕೇಳ್ತೀನಿ."

ಹಿಡಿದ ಪಟ್ಟು ಬಿಡುವ ಹೆಂಗಸಲ್ಲ ಅವಳು. ಮಾರನೆಯ ದಿನ ಒಂಬತ್ತು ಗಂಟೆಗೆ ನಾನು ಸಕ್ಕರೆ ಸಾಲಕ್ಕೆಂದು ಬಟ್ಟಲು ಹಿಡಿದು ಹೋದೆ. ಆನಿಸ್ ಅಡುಗೆಮನೆಯ ಮೇಜಿನ ಮೇಲೆ ಆ ವಾರದ ರೇಡಿಯೊ ಪತ್ರಿಕೆ ಹರಡಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು, ಪರೀಕ್ಷೆಗೆ ಕೂತವಳ ಹಾಗೆ ಕೂತಿದ್ದಳು. ಸೆಥ್ ನಸುಕಿನಲ್ಲಿ ಕೆಲಸಕ್ಕೆ ಹೋಗುವ ಮುಂಚೆ, ನೆಟ್ಟಗೆ ಕಿವಿ ಇರುವವರಿಗೆ ಎಷ್ಟು ಸದ್ದು ಸಾಕೋ ಅಷ್ಟಕ್ಕೆ ರೇಡಿಯೊದ ತಿರುಪನ್ನು ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದ. ಆ ಗೆರೆ ದಾಟುವಂತಿಲ್ಲ. ಪತ್ರಿಕೆಯಲ್ಲಿ ಅವಳು ಹಾಕುವ ಗುರುತು: ಪೂರ್ತಿ ಕೇಳಿಸಿದ್ದಕ್ಕೆ ಸೊನ್ನೆ, ಅರೆಬರೆ ಕೇಳಿಸಿದ್ದಕ್ಕೆ ಅರ್ಧ ಸೊನ್ನೆ, ಕೇಳಿಸದ್ದಕ್ಕೆ ಅಡ್ಡಗೆರೆ.

"ಆರೂವರೆಯಿಂದ ಕೂತಿದೀನಿ. ಹವಾಮಾನ ಹೇಳೋನು ಸೊನ್ನೆ. ವಾರ್ತೆಯವನೂ ಸೊನ್ನೆ, ಅವನ ದನಿ ಬಾವಿಯೊಳಗಿಂದ ಬಂದ ಹಾಗಿರುತ್ತೆ. ವ್ಯಾಯಾಮ ಹೇಳಿಕೊಡೋ ಹುಡುಗಿ ಅರ್ಧ. 'ಕೈ ಮೇಲೆ' ಅಂದ್ಲೋ 'ಕಾಲು ಮೇಲೆ' ಅಂದ್ಲೋ, ನಾನು ಎರಡೂ ಎತ್ತಿಬಿಟ್ಟೆ."

"ಬಿದ್ಯಾ ಅಕ್ಕಾ?"

"ಕುರ್ಚಿ ಮೇಲೆ ಬಿದ್ದೆ, ನಗ್ಬೇಡ. ಕೂತ್ಕೋ. ಚಹಾ ಇದೆ, ಸಕ್ಕರೆ ಇಲ್ಲ. ನಮ್ಮ ರೇಷನ್ನೂ ಮುಗೀತು."

ನಾನು ಕೂತೆ. ಗೃಹಿಣಿಯರು ಕೋರಿದ ಹಾಡುಗಳ ಗ್ರಾಮಫೋನ್ ತಟ್ಟೆಗಳು ಬಂದವು. ದಪ್ಪ ಗಂಟಲಿನ ಗಂಡಸು ಹಾಡಿದಾಗ ಆನಿಸ್ ಕಾಲಲ್ಲಿ ತಾಳ ಹಾಕಿದಳು, ಹೆಂಗಸು ದನಿ ಏರಿಸಿದಾಗ ಕಾಲು ನಿಂತಿತು. ಹತ್ತೂಕಾಲಿಗೆ ಪ್ರಾರ್ಥನೆ. ಪಾದ್ರಿಗೆ ಸೊನ್ನೆ, ಆರ್ಗನ್ನಿಗೆ ಸೊನ್ನೆ, ಹುಡುಗರ ಕೀರ್ತನೆಗೆ ಅಡ್ಡಗೆರೆ. ಹತ್ತೂವರೆಗೆ ಕಾರ್ಖಾನೆಯವರಿಗೆಂದೇ ನುಡಿಸುವ ಬ್ಯಾಂಡು ಬಂದಾಗ ಅವಳ ಮುಖ ಅರಳಿತು. ಡೋಲು, ಕಹಳೆ, ಎಲ್ಲ ಸಲೀಸು. ಮಧ್ಯಾಹ್ನ ಪುಟ್ಟ ಮಕ್ಕಳಿಗೆ ಕಥೆ ಹೇಳುವ ಹೆಂಗಸು ಬಂದಳು. ಆನಿಸ್ ಪೆನ್ಸಿಲನ್ನು ಕೆನ್ನೆಗೊತ್ತಿ, ಬಾಯಿ ತೆರೆದು ಕೇಳಿದಳು. ಆ ಡಬ್ಬದ ಮುಖದಲ್ಲಿ ತುಟಿಯಿದ್ದಿದ್ದರೆ ಅವಳು ಒಂದಕ್ಷರ ಬಿಡುತ್ತಿರಲಿಲ್ಲ. ಕೊನೆಗೆ ಅಡ್ಡಗೆರೆ ಎಳೆದಳು. ಗೆರೆ ಕಾಗದವನ್ನು ಹರಿಯಿತು.

ನನಗೆ ಅಯ್ಯೋ ಅನ್ನಿಸಿತು. ಪಾಪ, ವಯಸ್ಸಾಯಿತು ಎಂದುಕೊಂಡೆ.

ಎರಡು ಗಂಟೆಗೆ ಸೆಥ್ ಮನೆಗೆ ಬಂದು, ಬೂಟು ಕಳಚಿ, ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕಣ್ಣು ಮುಚ್ಚಿದ. ಶಾಲೆಮಕ್ಕಳಿಗೆ ಪ್ರಕೃತಿಪಾಠ ನಡೆಯುತ್ತಿತ್ತು. ಬೇಲಿಪೊದೆಯ ಪುಟ್ಟ ಹಕ್ಕಿಗಳ ಬಗ್ಗೆ ಮುದುಕನೊಬ್ಬ ಗೊಗ್ಗರು ದನಿಯಲ್ಲಿ ಹೇಳುತ್ತಾ ಹೋದ. ಆಮೇಲೆ, "ಈಗ ಸುಮ್ಮನಿದ್ದು ಕೇಳಿ ಮಕ್ಕಳೇ," ಎಂದ.

ರೇಡಿಯೊ ನಿಂತುಹೋಯಿತು. ಸಣ್ಣಗೆ ಹೊಟ್ಟು ಕೇರುವಂಥ ಸದ್ದು, ಅಷ್ಟೆ.

"ಕೆಟ್ಟುಹೋಯ್ತಾ?" ಎಂದಳು ಆನಿಸ್.

"ಹ್ಞೂಂ ಅಕ್ಕಾ, ಕೆಟ್ಟೇಹೋಯ್ತು," ಎಂದೆ ನಾನು. "ನೀನು ಹೇಳಿದ್ದೇ ನಿಜ, ವಾಲ್ವೇ ಇರ್ಬೇಕು."

"ಶ್!" ಸೆಥ್ ಕಣ್ಣು ತೆರೆಯದೆ ಕೈ ಎತ್ತಿದ. "ಮಾತಾಡ್ಬೇಡಿ. ಎಂಥಾ ಹಕ್ಕಿ ಅದು! ಎಷ್ಟು ಸಣ್ಣ ಗಂಟಲಲ್ಲಿ ಎಷ್ಟೊಂದು ಹಾಡುತ್ತೆ ನೋಡಿ."

ನಾನು ಅವನನ್ನೇ ನೋಡಿದೆ. ಆನಿಸ್ ಅವನನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು. ದನಿಯಿಲ್ಲದೆ, ತುಟಿಯಲ್ಲಿ ಕೇಳಿದಳು: "ನಿನಗೂ ಕೇಳಿಸ್ತಿಲ್ವಾ ಎಫಿ?"

"ಇಲ್ಲ," ಎಂದೆ, ತುಟಿಯಲ್ಲೇ.

"ಏನೂ?"

"ಏನೂ ಇಲ್ಲ."

ಹಕ್ಕಿ ಹಾಡುತ್ತಲೇ ಇತ್ತೆಂದು ಕಾಣುತ್ತದೆ, ಸೆಥ್‌ನ ಮುಖದಲ್ಲಿ ನಗು ಇತ್ತು. ಆನಿಸ್ ಎದ್ದು ಬಂದು ನನ್ನ ತಲೆಯನ್ನು ತನ್ನ ಏಪ್ರನ್ನಿಗೆ ಒತ್ತಿಕೊಂಡಳು. ಹೆಚ್ಚು ಹೊತ್ತಲ್ಲ. ಆಮೇಲೆ ಒಳಗಿನಿಂದ ಇನ್ನೊಂದು ಪೆನ್ಸಿಲ್ ತಂದು ನನ್ನ ಮುಂದಿಟ್ಟಳು.

"ಇಪ್ಪತ್ತೊಂಬತ್ತಕ್ಕೆ ಯಾವ ಮುಪ್ಪೇ ಬರುತ್ತೆ? ನಂಗೆ ಮುಪ್ಪು ಅಂದ ಆ ಡಾಕ್ಟರು. ನಾನೂ ನಂಬಿಬಿಟ್ಟಿದ್ದೆ. ಬರಿ. ಇನ್ನು ಮೇಲಿಂದ ಇಬ್ಬರೂ ಬರೆಯೋಣ."

ಬರೆದೆವು. ಐದು ಗಂಟೆಯ ಮಕ್ಕಳ ಕಾರ್ಯಕ್ರಮದಲ್ಲಿ ಅವಳದು ಅಡ್ಡಗೆರೆ, ನನ್ನದು ಅರ್ಧ ಸೊನ್ನೆ. ಆರರ ವಾರ್ತೆ ಇಬ್ಬರಿಗೂ ಸೊನ್ನೆ. ಹಳ್ಳಿ ಸಂಸಾರದ ಧಾರಾವಾಹಿಯಲ್ಲಿ ಅವಳಿಗೆ ಗಂಡಸರ ಮಾತಷ್ಟೇ ಸಿಕ್ಕಿತು, ಜಗಳ ಯಾತಕ್ಕೆಂದು ತಿಳಿಯಲಿಲ್ಲ. ಏಳೂವರೆಯ ಹಾಸ್ಯದಲ್ಲಿ ಜನ ಹೋ ಎಂದು ನಕ್ಕಿದ್ದು ಕೇಳಿಸಿತು, ನಗಿಸಿದ ಮಾತು ಜಾರಿಹೋಯಿತು. ಸೆಥ್ ನಕ್ಕು ನಕ್ಕು ಕೆಮ್ಮಿದ. ಆಮೇಲೆ ನಮ್ಮಿಬ್ಬರ ಮುಖ ನೋಡಿ ಎದ್ದು, ತಿರುಪಿನ ಮೇಲಿನ ಸೀಮೆಸುಣ್ಣದ ಗೆರೆಯನ್ನು ಹೆಬ್ಬೆರಳಲ್ಲಿ ಒರೆಸಿಹಾಕಿದ. "ಎಷ್ಟು ಬೇಕೋ ಅಷ್ಟು ಏರಿಸ್ಕೊಳ್ಳೇ," ಎಂದ. ಆನಿಸ್ ಏರಿಸಲಿಲ್ಲ. ಒಂಬತ್ತರ ವಾರ್ತೆಯ ತನಕ ಹಾಗೆಯೇ ಕೂತು, ಕೊನೆಯ ಸೊನ್ನೆ ಹಾಕಿ ಎದ್ದಳು.

ಮರುದಿನವೇ ಆ ಪಟ್ಟಿಯನ್ನು ಚೆನ್ನಾಗಿ ನಕಲು ಮಾಡಿ, ರೇಡಿಯೊದ ಮಧ್ಯಾಹ್ನದ ಹೆಂಗಸರ ಕಾರ್ಯಕ್ರಮಕ್ಕೆ ಕಾಗದ ಬರೆದಳು. ನಾವು ಯಾರು, ಏನು ಕೆಲಸ, ಯಾವುದು ಕೇಳಿಸಿತು, ಯಾವುದು ಕೇಳಿಸಲಿಲ್ಲ. "ಇದು ನಿಮ್ಮ ತಪ್ಪಲ್ಲ, ಮಗ್ಗದ ಸದ್ದು ನಮ್ಮ ಕಿವಿ ತಿಂದಿದೆ. ಇದನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕು," ಎಂದು ಮುಗಿಸಿದ್ದಳು.

ಮೂರು ವಾರಕ್ಕೆ ಉತ್ತರ ಬಂತು. ನೇಕಾರ ಹೆಂಗಸರು ತುಟಿಯಲ್ಲೇ ಮಾತಾಡುವ ವಿಷಯ ಬಹಳ ಸ್ವಾರಸ್ಯವಾಗಿದೆ, ಮ್ಯಾಂಚೆಸ್ಟರ್ ಸ್ಟುಡಿಯೊಗೆ ಬಂದು ಆರು ನಿಮಿಷ ಮಾತಾಡಬೇಕು ಎಂದು ಮಿಸ್ ಲೋರಿಮರ್ ಎಂಬ ನಿರ್ಮಾಪಕಿ ಬರೆದಿದ್ದಳು. ಕಿವಿಯ ಸುದ್ದಿಯೇ ಅದರಲ್ಲಿರಲಿಲ್ಲ.

"ಕರೆದಿದಾರಲ್ಲ, ಸಾಕು," ಎಂದಳು ಆನಿಸ್. "ಬಾಗಿಲು ತೆಗೆದ್ರೆ ಸರಿ. ಒಳಗೆ ಹೋದ್ಮೇಲೆ ಏನು ಮಾತಾಡ್ಬೇಕು ಅಂತ ನಂಗೊತ್ತು."

ಜೂನ್ ತಿಂಗಳ ಒಂದು ಗುರುವಾರ ಇಬ್ಬರೂ ರೈಲು ಹತ್ತಿದೆವು. ಅವಳು ಚರ್ಚಿಗೆ ಹಾಕುವ ನೀಲಿ ಟೋಪಿ ಹಾಕಿದ್ದಳು. ಸ್ಟುಡಿಯೊ ಎಂದರೆ ಗೋಡೆಗೆಲ್ಲ ಮೆತ್ತೆ ಬಡಿದ ಕೋಣೆ. ಒಳಗೆ ಒಂದು ಮೇಜು, ಅದರ ಮೇಲೆ ಮೈಕು. ಎದುರಿಗೆ ಎರಡು ಪದರದ ದಪ್ಪ ಗಾಜು, ಗಾಜಿನಾಚೆ ಯಂತ್ರಗಳ ಕೋಣೆ. ಮಿಸ್ ಲೋರಿಮರ್ ನಲವತ್ತರ ಆಸುಪಾಸಿನ ತೆಳ್ಳನೆ ಹೆಂಗಸು. ಒಳ್ಳೆಯವಳೇ, ಆದರೆ ಅವಳ ಮಾತು ಇಸ್ತ್ರಿ ಹಾಕಿದ ಹಾಗಿತ್ತು. ಆನಿಸ್ ಬರೆದು ಕಳಿಸಿದ್ದನ್ನು ತಿದ್ದಿ ಟೈಪು ಮಾಡಿಸಿ ಇಟ್ಟಿದ್ದಳು. ಆನಿಸ್ ಓದಿ ನೋಡಿದಳು.

"'ನಾವು ಓಷ್ಠಚಲನೆಯ ಮೂಲಕ ಸಂಭಾಷಿಸುತ್ತೇವೆ.' ಇದನ್ನ ಯಾರು ಹೇಳ್ತಾರಮ್ಮ?"

"ತಾವೇ ಹೇಳುತ್ತೀರಿ, ಮಿಸೆಸ್ ಹೇಡಾಕ್."

"ನಾನು ಹೇಳಿದ್ರೆ ನನ್ನ ಗಂಡ ರೇಡಿಯೊನ ಬೀದಿಗೆಸೀತಾನೆ. 'ಬಾಯಾಡಿಸ್ತೀವಿ, ಕಣ್ಣಲ್ಲಿ ಕೇಳ್ತೀವಿ' ಅಂತೀನಿ."

ಮಿಸ್ ಲೋರಿಮರ್ ನಕ್ಕು ಒಪ್ಪಿದಳು. ಒಂದೊಂದೇ ಸಾಲಿಗೂ ಹೀಗೆ ಚೌಕಾಸಿ ನಡೆಯಿತು. ಕೊನೆಯ ಪುಟದಲ್ಲಿ ಆನಿಸ್‌ಳ ಬೆರಳು ನಿಂತಿತು.

"ಇಲ್ಲಿ ಕಿವಿ ವಿಷಯ ಇತ್ತಲ್ಲ?"

"ಅದು ವಿವಾದದ ವಿಷಯ. ವೈದ್ಯರು ಒಪ್ಪಿಲ್ಲ, ಗಿರಣಿಯವರು ಆಕ್ಷೇಪ ಎತ್ತಬಹುದು. ನಮ್ಮ ಕೇಳುಗರು ಮಧ್ಯಾಹ್ನದ ಹೊತ್ತು ಹಗುರವಾದದ್ದನ್ನು ಬಯಸುತ್ತಾರೆ."

ಆನಿಸ್ ಕಾಗದಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು, ಟೋಪಿಯ ಪಿನ್ನು ಸರಿಮಾಡಿಕೊಂಡು ಎದ್ದಳು. "ಬಾ ಎಫಿ. ಎರಡೂ ಹತ್ತರ ರೈಲು ಸಿಗುತ್ತೆ."

"ಮಿಸೆಸ್ ಹೇಡಾಕ್! ಒಂದು ಗಂಟೆಯಲ್ಲಿ ಪ್ರಸಾರ!"

"ನಾನೇನು ಸರ್ಕಸ್ಸಿನ ಕೋತಿ ಅಲ್ಲಮ್ಮ, ಮೂತಿ ಆಡಿಸಿ ನಗಿಸಿ ಹೋಗೋಕೆ. ತುಟಿಯಲ್ಲಿ ಯಾಕೆ ಮಾತಾಡ್ತೀವಿ ಅಂತ ಹೇಳಿದ್ಮೇಲೆ, ಅದರಿಂದ ಏನಾಯ್ತು ಅಂತಾನೂ ಹೇಳ್ಬೇಕಲ್ವಾ? ಇವಳನ್ನ ನೋಡಿ. ಇಪ್ಪತ್ತೊಂಬತ್ತು ವರ್ಷ. ಹಕ್ಕಿ ಕೂಗಿದ್ರೆ ಕೇಳಿಸಲ್ಲ. ಇದು ವಿವಾದನಾ?"

ಮಿಸ್ ಲೋರಿಮರ್ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಎದ್ದು ಹೋಗಿ ಯಾರಿಗೋ ಫೋನ್ ಮಾಡಿದಳು. ಹತ್ತು ನಿಮಿಷ ಬಿಟ್ಟು ಬಂದಾಗ ಅವಳ ಕತ್ತಿನ ಮೇಲೆ ಕೆಂಪು ಮಚ್ಚೆಗಳೆದ್ದಿದ್ದವು. "'ಮಗ್ಗದ ಸದ್ದೇ ಕಾರಣ' ಎನ್ನುವ ಬದಲು 'ಮಗ್ಗದ ಸದ್ದೇ ಕಾರಣವೆಂದು ನಾವು ನಂಬಿದ್ದೇವೆ' ಎನ್ನಬಹುದಂತೆ. ಕೊನೆಯ ಒಂದು ನಿಮಿಷ ನಿಮಗೆ."

"ನಂಬಿದೀವಿ. ಅದೇನೋ ನಿಜವೇ," ಎಂದು ಆನಿಸ್ ಮತ್ತೆ ಕೂತಳು. ಅಳಿಸಿದ್ದ ಸಾಲುಗಳನ್ನು ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು.

ನನ್ನನ್ನು ಗಾಜಿನಾಚೆಯ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಮಿಸ್ಟರ್ ಪೆನ್‌ರೋಸ್ ಎಂಬಾತ ಗಡಿಯಾರ ನೋಡುತ್ತಾ ಯಂತ್ರದ ಹುಡುಗಿಗೆ ಅಪ್ಪಣೆ ಕೊಡುತ್ತಿದ್ದ. ಆನಿಸ್‌ಗಿಂತ ಮುಂಚೆ ಹೂಜೋಡಣೆಯ ಬಗ್ಗೆ ಮಾತಾಡಲು ಬಂದಿದ್ದ ದೊಡ್ಡಮನೆಯ ಹೆಂಗಸು ನಿಲ್ಲಿಸುವ ಹಾಗೇ ಕಾಣಲಿಲ್ಲ. ಗುಲಾಬಿ ಮುಗಿದು ಲಿಲ್ಲಿಗೆ ಬಂದಳು. ಪೆನ್‌ರೋಸ್ ತಲೆ ಚಚ್ಚಿಕೊಂಡ.

"ಆಯಮ್ಮ ನಾಲ್ಕು ನಿಮಿಷ ತಿಂದುಹಾಕಿದಳು. ಮಗ್ಗದವಳಿಗೆ ಎರಡೇ ನಿಮಿಷ ಕೊಡು. ಎರಡಾದ ಕೂಡಲೇ ಮೈಕು ಮುಚ್ಚಿ, ಕೊನೆಗಿಟ್ಟ ಮೂರೂವರೆ ನಿಮಿಷದ ಪಿಯಾನೊ ತಟ್ಟೆ ಹಾಕು. ಹೇಗೂ ಅವಳ ಕೊನೆಯ ಪುಟ ಯಾರಿಗೆ ಬೇಕಾಗಿದೆ?"

ಅವಳಿಗೆ ತಿಳಿಸಬೇಕೆಂದು ಗಾಜಿನತ್ತ ತಿರುಗಿದರೆ, ಆನಿಸ್‌ಳ ಕಣ್ಣು ಆಗಲೇ ಪೆನ್‌ರೋಸ್‌ನ ಬಾಯಿಯ ಮೇಲೆ ನೆಟ್ಟಿತ್ತು. ಗುಂಡು ಹಾರಿಸಿದರೂ ಆ ಗಾಜಿನಿಂದಾಚೆ ಕೇಳಿಸದು. ಅದರಿಂದ ಅವಳಿಗೇನು? ಮೂವತ್ತೆಂಟು ವರ್ಷ ಅವಳು ಹಾಗೆಯೇ ಕೇಳಿದ್ದಳು. ನನ್ನ ಕಡೆ ನೋಡಿ ತುಟಿಯಾಡಿಸಿದಳು: "ಗೊತ್ತಾಯ್ತು. ಸುಮ್ನಿರು."

ಹೂವಿನ ಹೆಂಗಸು ಕಾಲುತುದಿಯಲ್ಲಿ ಹೊರಗೆ ಹೋದಳು. ಮೇಜಿನ ಎದುರು ಕೂತಿದ್ದ ಮಿಸ್ ಲೋರಿಮರ್ ಆನಿಸ್‌ಳ ಹೆಸರು ಹೇಳಿ ಪರಿಚಯ ಮಾಡಿಕೊಟ್ಟಳು. ಆನಿಸ್ ತನ್ನ ಮುಂದಿನ ಪುಟಗಳನ್ನು ಸದ್ದಾಗದಂತೆ ಎತ್ತಿ, ಕೊನೆಯದನ್ನು ಮೇಲಿಟ್ಟು, ಮೈಕಿಗೆ ಬಾಗಿದಳು.

"ನಾನು ನೇಕಾರಳು. ನಂಗೆ ಕಿವಿ ಸರಿಯಾಗಿ ಕೇಳಿಸಲ್ಲ. ನೀವು ಈಗ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡ್ತಾ ನನ್ನ ಮಾತು ಕೇಳ್ತಿದೀರಿ. ನಾನು ನಿಮ್ಮ ಜಾಗದಲ್ಲಿದ್ರೆ ಅರ್ಧ ಕೇಳಿಸ್ತಿರಲಿಲ್ಲ. ಮಗ್ಗದ ಸದ್ದೇ ಕಾರಣ ಅಂತ ನಾವು ನಂಬಿದೀವಿ. ಯಾಕೆ ನಂಬಿದೀವಿ ಅಂತ ಹೇಳ್ತೀನಿ. ನಾನೂ ನನ್ನ ಪಕ್ಕದ ಮಗ್ಗದ ಹುಡುಗಿಯೂ ಒಂದಿನ ಬೆಳಗಿನಿಂದ ರಾತ್ರಿವರೆಗೂ ರೇಡಿಯೊ ಕೇಳಿದ್ವಿ..."

ಮಿಸ್ ಲೋರಿಮರ್ ಬೆಚ್ಚಿ ತನ್ನ ಪ್ರತಿಯ ಪುಟ ಹುಡುಕಿದಳು. ಪುಟ ಸಿಕ್ಕಿದ ಮೇಲೂ ಅದನ್ನು ನೋಡದೆ ಆನಿಸ್‌ಳನ್ನೇ ನೋಡುತ್ತಾ ಕೂತಳು. ಎರಡು ನಿಮಿಷ ಸಮೀಪಿಸಿತು. ಪೆನ್‌ರೋಸ್ ಕೈ ಎತ್ತಿದ, ಹುಡುಗಿ ತಟ್ಟೆಯ ಮೇಲೆ ಮುಳ್ಳು ಹಿಡಿದಳು. ಆಗ ಗಾಜಿನಾಚೆಯಿಂದ ಮಿಸ್ ಲೋರಿಮರ್ ಅಂಗೈ ಚಾಚಿ, ತಡೆ ಎಂದು ಸನ್ನೆ ಮಾಡಿದಳು. ಪೆನ್‌ರೋಸ್ ಗಡಿಯಾರದತ್ತ ಬೆರಳು ತೋರಿಸಿದ. ಅವಳು ತಲೆಯಲ್ಲಾಡಿಸಿದಳು. ಆತ ಬೈದುಕೊಂಡ, ಕೈ ಇಳಿಸಿದ.

ಆನಿಸ್ ಐದು ನಿಮಿಷ ಮಾತಾಡಿದಳು. ಯಾರನ್ನೂ ಬೈಯಲಿಲ್ಲ, ಅಳಲಿಲ್ಲ. ಯಾವ ಹೊತ್ತಿಗೆ ಯಾವ ದನಿ ಸಿಕ್ಕಿತು, ಯಾವುದು ತಪ್ಪಿಹೋಯಿತು ಎಂದು ಒಂದೊಂದಾಗಿ ಹೇಳಿದಳು. "ಬೇರೆ ಕಡೆ ಸದ್ದಿನಲ್ಲಿ ಕೆಲಸ ಮಾಡೋರು ಯಾರಾದ್ರೂ ಇದ್ರೆ ಹೀಗೇ ಪಟ್ಟಿ ಬರೆದು ನಂಗೆ ಕಳಿಸಿ. ಗ್ಯಾಸ್ ಬೀದಿ, ಬ್ರಿಯರ್‌ಶಾ. ನನ್ನ ಗಂಡ ಅಂಚೆಯವನೇ, ಕಾಗದ ಕಳೆದುಹೋಗಲ್ಲ," ಎಂದು ನಿಲ್ಲಿಸಿದಳು. ಅದು ಯಾವ ಪುಟದಲ್ಲೂ ಇರಲಿಲ್ಲ. ಪಿಯಾನೊ ತಟ್ಟೆಗೆ ಉಳಿದದ್ದು ಅರೆ ನಿಮಿಷ.

ಹೊರಗೆ ಪೆನ್‌ರೋಸ್ ಅವಳನ್ನು ತಡೆದ. "ಮೇಡಂ, ಸಮಯ ಕಡಿಮೆಯಾಗಿದೆ ಎಂದು ನಿಮಗೆ ಯಾರು ಹೇಳಿದರು?"

"ನೀವೇ ಹೇಳಿದ್ರಲ್ಲ ಸಾರ್. 'ಮಗ್ಗದವಳಿಗೆ ಎರಡೇ ನಿಮಿಷ' ಅಂತ. ನನ್ನ ಹೆಸರು ಹೇಡಾಕ್."

ಆತನ ಕಿವಿಗಳು ಕೆಂಪಾದವು. ತಡವಾಗಿಯಾದರೂ ಕೈ ಮುಂದೆ ಚಾಚಿದ. ಆನಿಸ್ ಕುಲುಕಿದಳು.

ಮೊದಲ ವಾರ ನಲವತ್ತು ಕಾಗದ ಬಂದವು, ಎರಡನೇ ವಾರ ಚೀಲ ತುಂಬ. ಸೆಥ್ ಬೆನ್ನು ಬಾಗಿಸಿ ಹೊತ್ತು ತಂದು, "ನೀನು ಬಾಯಿ ತೆಗೆದೆ, ನನ್ನ ಸೊಂಟ ಹೋಯ್ತು," ಎಂದು ಬೀಗುತ್ತಾ ಗೊಣಗಿದ. ಹಡಗು ಕಟ್ಟುವ ಕಡೆಯಿಂದ ರಿವೆಟ್ ಹೊಡೆಯುವವರ ಹೆಂಡಿರು ಬರೆದಿದ್ದರು. ಕಬ್ಬಿಣ ಬಡಿಯುವವರು, ಮೊಳೆ ಮಾಡುವ ಹೆಂಗಸರು ಬರೆದಿದ್ದರು. ಹೆಚ್ಚಿನವರು ಪಟ್ಟಿಯನ್ನೂ ಇಟ್ಟಿದ್ದರು, ಸೊನ್ನೆ, ಅರ್ಧ ಸೊನ್ನೆ, ಅಡ್ಡಗೆರೆ.

ಗಿರಣಿಯ ಮ್ಯಾನೇಜರ್ ಒರಲ್ ಕರೆಸಿಕೊಂಡ. "ಯಾರ ಅಪ್ಪಣೆ ತಗೊಂಡು ಮಾತಾಡಿದೆ ಆನಿಸ್?"

"ಗಿರಣಿ ಹೆಸರು ಹೇಳಿದ್ನಾ ಸಾರ್? ನಿಮ್ಮ ಹೆಸರು ಹೇಳಿದ್ನಾ? ನನ್ನ ಕಿವಿ ಬಗ್ಗೆ ಹೇಳಿದೆ. ಅದು ಇನ್ನೂ ನಂದೇ."

ಒರಲ್‌ಗೆ ಅವಳನ್ನು ಕೆಲಸದಿಂದ ತೆಗೆಯುವ ಧೈರ್ಯ ಬರಲಿಲ್ಲ, ಊರೆಲ್ಲ ಕೇಳಿಸಿಕೊಂಡಿತ್ತು.

ಆನಿಸ್ ಚೀಲವನ್ನು ಹಾಗೆಯೇ ಹೊತ್ತು ಯೂನಿಯನ್ ಕಚೇರಿಗೆ ಹೋಗಿ ಕಾರ್ಯದರ್ಶಿಯ ಮೇಜಿನ ಮೇಲೆ ಸುರಿದಳು. ಅವನು ಮುಂದಿನ ತಿಂಗಳು ನೋಡೋಣ ಎಂದ. ಅವಳು ಮುಂದಿನ ತಿಂಗಳವರೆಗೆ ದಿನಾ ಹೋದಳು. ಕೊನೆಗೆ ಜಿಲ್ಲಾ ಆಸ್ಪತ್ರೆಯಿಂದ ಒಬ್ಬ ಎಳೆಯ ಕಿವಿಡಾಕ್ಟರು ಉಪಕರಣ ತಂದು, ನಾಲ್ಕು ಶನಿವಾರ ಯೂನಿಯನ್ ಹಾಲಿನಲ್ಲಿ ಕೂತು ನೂರಾ ಹನ್ನೆರಡು ಜನರ ಕಿವಿ ಅಳೆದ. ಹತ್ತು ವರ್ಷ ದಾಟಿ ಮಗ್ಗ ನಡೆಸಿದವರಲ್ಲಿ ಪೂರ್ತಿ ಕೇಳಿಸುವವರು ಏಳೇ ಜನ. ಆತ ತಲೆ ಎತ್ತಿ, ನಮ್ಮ ಮುಖ ನೋಡಿಯೇ ಅದನ್ನು ಹೇಳಿದ. ನನ್ನದು ಇನ್ನೂ ಪೂರ್ತಿ ಹೋಗಿಲ್ಲ, ಶೆಡ್ಡು ಬಿಟ್ಟರೆ ಇರುವಷ್ಟಾದರೂ ಉಳಿಯುತ್ತದೆ ಎಂದ. ನಾನು ಬಟ್ಟೆ ಪರೀಕ್ಷೆಯ ಕೋಣೆಗೆ ವರ್ಗ ಕೇಳಿದೆ. ಅಲ್ಲಿ ಸಂಬಳ ಕಡಿಮೆ, ಸದ್ದೂ ಕಡಿಮೆ. ಹೋಗುವ ದಿನ ಆನಿಸ್‌ಳ ಮುಖ ನೋಡಲಾರದೆ ನಿಂತಿದ್ದೆ. ಅವಳೇ ನನ್ನ ಬೆನ್ನಿಗೆ ಗುದ್ದಿ, ತನ್ನತ್ತ ತಿರುಗಿಸಿಕೊಂಡು, "ಹೋಗೇ, ಅಳೋದಕ್ಕೆ ಇಲ್ಲಿ ಜಾಗ ಇಲ್ಲ," ಎಂದು ತುಟಿಯಾಡಿಸಿದಳು.

ಕಾನೂನು ಬದಲಾಗಲು ಬಹಳ ವರ್ಷ ಹಿಡಿಯಿತು. ಅಲ್ಲಿಯವರೆಗೆ ಕಾಯುತ್ತಾ ಕೂರುವವಳು ಅವಳಲ್ಲ. ಮರುವರ್ಷ ಬೇಡಿಕೆ ಚೇತರಿಸಿ ಗಿರಣಿ ಪೂರ್ತಿ ವಾರ ನಡೆಯತೊಡಗಿತು, ಹೊಸ ಹೆಂಗಸರು ಕೆಲಸಕ್ಕೆ ಸೇರಿದರು. ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಆನಿಸ್ ಅಡ್ಡ ನಿಂತಿರುತ್ತಿದ್ದಳು, ಏಪ್ರನ್ನಿನ ಜೇಬಿನ ತುಂಬ ಮೇಣ ಅದ್ದಿದ ಹತ್ತಿಯುಂಡೆ. ಮೇಸ್ತ್ರಿ ಗೊಣಗುತ್ತಿದ್ದ, ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಒಬ್ಬೊಬ್ಬಳನ್ನೇ ಹಿಡಿದು ನಿಲ್ಲಿಸಿ, ಎರಡೂ ಕಿವಿಗೆ ಹತ್ತಿ ತುರುಕಿದ ಮೇಲೆಯೇ ಒಳಗೆ ಬಿಡುತ್ತಿದ್ದಳು.